ಓದುಗರ ಪ್ರಶ್ನೆ: ಶಿಬಿರದಿಂದ ಬಿಡುಗಡೆ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್‌ನ ಕಬನಾಟುವಾನ್ ಶಿಬಿರದಿಂದ ಐನೂರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಬಿಡಿಸಿದವರು ಬರೀ 120 ಸೈನಿಕರಂತೆ. ಹೇಗೆ ಸಾಧ್ಯವಾಯಿತು?

ಉತ್ತರ: 120 ಎಂಬುದು ಅಮೆರಿಕದ ರೇಂಜರ್‌ಗಳ, ಅಂದರೆ ಸೇನೆಯ ವಿಶೇಷ ದಾಳಿ ಪಡೆಯವರ ಲೆಕ್ಕ ಮಾತ್ರ. ಅವರ ಜೊತೆ ಇನ್ನೂರಕ್ಕೂ ಹೆಚ್ಚು ಫಿಲಿಪ್ಪಿನೋ ಗೆರಿಲ್ಲಾಗಳಿದ್ದರು. ಅವರನ್ನು ಬಿಟ್ಟು ಈ ಕಥೆ ಹೇಳುವುದು ದೊಡ್ಡ ಅನ್ಯಾಯ.

ಅವಸರಕ್ಕೆ ಕಾರಣವಿತ್ತು. 1944ರ ಡಿಸೆಂಬರ್ 14ರಂದು ಪಲಾವಾನ್ ದ್ವೀಪದಲ್ಲಿ ಜಪಾನಿ ಕಾವಲಿನವರು ಸುಮಾರು 150 ಕೈದಿಗಳನ್ನು ಕಂದಕಗಳಿಗೆ ಇಳಿಸಿ, ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ್ದರು. ತಪ್ಪಿಸಿಕೊಂಡವರು 11 ಮಂದಿ. ಅಮೆರಿಕದ ಸೇನೆ ಹತ್ತಿರ ಬಂದಂತೆ ಕಬನಾಟುವಾನ್‌ನಲ್ಲೂ ಅದೇ ಆಗುವ ಭಯವಿತ್ತು.

ದಾಳಿ ನಡೆದದ್ದು 1945ರ ಜನವರಿ 30ರ ರಾತ್ರಿ. ಮೊದಲು ಗೊತ್ತುಮಾಡಿದ್ದು 29. ಶಿಬಿರದ ಎದುರಿನ ಹೆದ್ದಾರಿಯಲ್ಲಿ ಜಪಾನಿ ಪಡೆಗಳ ಓಡಾಟ ವಿಪರೀತವಾದ್ದರಿಂದ ಒಂದು ದಿನ ಮುಂದೂಡಿದರು. ಬೇಲಿಯವರೆಗಿನ ಬಯಲಿನಲ್ಲಿ ಒಂದು ಪೊದೆಯೂ ಇರಲಿಲ್ಲ. ಸಂಜೆ ಬೆಳಕಿನಲ್ಲೇ ಹೊಟ್ಟೆಯ ಮೇಲೆ ತೆವಳಬೇಕಿತ್ತು. ಗೆರಿಲ್ಲಾ ನಾಯಕ ಹುವಾನ್ ಪಹೋಟಾ ಕೊಟ್ಟ ಸಲಹೆಯಂತೆ ಅಮೆರಿಕದ ಪಿ-61 ಯುದ್ಧವಿಮಾನವೊಂದು ಶಿಬಿರದ ಮೇಲೆ ಕೆಳಮಟ್ಟದಲ್ಲಿ ಸುತ್ತಿತು. ಎಂಜಿನ್ ಆರಿಸಿ, ಮತ್ತೆ ಹಚ್ಚಿ, ಢಂ ಎನ್ನಿಸಿ, ಇನ್ನೇನು ಬೀಳುತ್ತದೆ ಎಂಬಂತೆ ತೂರಾಡಿತು. ಕಾವಲಿನವರ ಕಣ್ಣು ಆಕಾಶಕ್ಕೆ ನೆಟ್ಟಿತು.

ಏಳೂಮುಕ್ಕಾಲರ ಹೊತ್ತಿಗೆ ಹಿಂಬದಿಯ ತುಕಡಿ ಮೊದಲ ಗುಂಡು ಹಾರಿಸಿತು. ಅದೇ ಸನ್ನೆ. ಕ್ಯಾಪ್ಟನ್ ರಾಬರ್ಟ್ ಪ್ರಿನ್ಸ್‌ನ ಕಂಪನಿ ಮುಂಬಾಗಿಲಿನಿಂದ ನುಗ್ಗಿತು. ಒಳಗಿನ ಕೆಲಸ ಮುಗಿಯಲು ಹಿಡಿದದ್ದು ಅರ್ಧ ಗಂಟೆಯಷ್ಟೆ. ಆ ಅರ್ಧ ಗಂಟೆಯನ್ನು ಒದಗಿಸಿದ್ದು ಪಹೋಟಾನ ಜನ: ಕಬು ಸೇತುವೆಗೆ ಸಿಡಿಮದ್ದು ಇಟ್ಟು, ಆಚೆ ಬೀಡುಬಿಟ್ಟಿದ್ದ ದೊಡ್ಡ ಜಪಾನಿ ಪಡೆಯನ್ನು ಅಲ್ಲೇ ತಡೆದರು. ಸೇತುವೆ ಪೂರ್ತಿ ಕುಸಿಯಲಿಲ್ಲ, ಆದರೆ ಟ್ಯಾಂಕ್ ದಾಟದಷ್ಟು ದೊಡ್ಡ ತೂತು ಬಿತ್ತು. ಕಬನಾಟುವಾನ್ ನಗರದ ಕಡೆಯ ರಸ್ತೆಯನ್ನು ಇನ್ನೊಬ್ಬ ಗೆರಿಲ್ಲಾ ನಾಯಕ ಎಡ್ವಾರ್ಡೊ ಹೋಸೊನ್‌ನ ತಂಡ ಕಾಯಿತು.

ಪ್ರಶ್ನೆ: ಬಾಗಿಲು ತೆರೆದಮೇಲೆ ಕೈದಿಗಳು ತಾವಾಗಿ ಓಡಿಬರಲಿಲ್ಲವೇ?

ಉತ್ತರ: ಹಲವರು ಅಡಗಿಕೊಂಡರು. 1942ರಲ್ಲಿ ಸೆರೆಸಿಕ್ಕವರಿಗೆ ರೇಂಜರ್‌ಗಳ ಹಸಿರು ಸಮವಸ್ತ್ರ, ಟೋಪಿ ಯಾವುದೂ ಪರಿಚಯವಿರಲಿಲ್ಲ. ಕೊಲ್ಲಲು ಹೂಡಿದ ತಂತ್ರವೆಂದೇ ಭಾವಿಸಿದರು. ಕೆಲವರನ್ನು ದೂಡಿಯೇ ಹೊರತರಬೇಕಾಯಿತು. ಗಟ್ಟಿಮುಟ್ಟಾದವರನ್ನು ಅಷ್ಟರಲ್ಲಿ ಹಡಗಿನಲ್ಲಿ ಜಪಾನಿಗೆ ಸಾಗಿಸಿದ್ದರಿಂದ ಉಳಿದವರು ಹೆಚ್ಚಾಗಿ ರೋಗಿಗಳು, ಅಂಗವಿಕಲರು. ಬೆನ್ನ ಮೇಲೆ ಹೊತ್ತು ಪಂಪಾಂಗ ನದಿಯವರೆಗೆ ತಂದರು. ಅಲ್ಲಿ ಹಳ್ಳಿಗರ ಕೋಣದ ಗಾಡಿಗಳು ಕಾದಿದ್ದವು. ದಾರಿಯುದ್ದಕ್ಕೂ ಗಾಡಿ ಸೇರುತ್ತ ಸೇರುತ್ತ ನೂರು ದಾಟಿತು. ನಾಯಿ ಬೊಗಳದಂತೆ ಹಳ್ಳಿಗರು ಬಾಯಿ ಕಟ್ಟಿದ್ದರು. ಶೌಚದ ಗುಡಿಸಲಲ್ಲಿದ್ದ ಕಿವುಡ ಬ್ರಿಟಿಷ್ ಕೈದಿಯೊಬ್ಬ ಹಿಂದುಳಿದ. ಅವನನ್ನೂ ಗೆರಿಲ್ಲಾಗಳು ಆಮೇಲೆ ಕಂಡುಹಿಡಿದು ಸುರಕ್ಷಿತವಾಗಿ ತಲುಪಿಸಿದರು.

ರೇಂಜರ್‌ಗಳಲ್ಲಿ ಇಬ್ಬರು ಸತ್ತರು. ಅವರಲ್ಲೊಬ್ಬರು ಬೆಟಾಲಿಯನ್ನಿನ ವೈದ್ಯ ಜೇಮ್ಸ್ ಫಿಶರ್.

ಪ್ರಶ್ನೆ: ಇಂಥ ದಾಳಿ ವಿಫಲವಾಗುವುದು ಯಾಕೆ?

ಉತ್ತರ: ಹೆಚ್ಚಾಗಿ ಸುದ್ದಿ ಹಳತಾಗಿರುವುದರಿಂದ. 1970ರ ನವೆಂಬರ್ 21ರಂದು ಉತ್ತರ ವಿಯೆಟ್ನಾಂನ ಸೋನ್ ಟೇ ಶಿಬಿರಕ್ಕೆ 56 ಅಮೆರಿಕನ್ ಸೈನಿಕರು ಇಳಿದರು. ಶಿಬಿರವೇನೋ ಕೈವಶವಾಯಿತು, ಆದರೆ ಕೈದಿಗಳನ್ನು ಜುಲೈಯಲ್ಲೇ ಬೇರೆಡೆಗೆ ಸಾಗಿಸಲಾಗಿತ್ತು. ಕಬನಾಟುವಾನ್‌ನಲ್ಲಾದರೋ ಸ್ಕೌಟ್‌ಗಳು, ಅಂದರೆ ಸೇನೆಯ ಬೇಹುಗಾರರು, ರೈತರ ವೇಷದಲ್ಲಿ ಬೇಲಿಗೆ ಹತ್ತಿರದ ಗುಡಿಸಲಿನಲ್ಲಿ ಕೂತು ಗೇಟು, ಗೋಪುರ, ಕಾವಲಿನ ಪಾಳಿ ಎಲ್ಲವನ್ನೂ ಕಣ್ಣಾರೆ ನೋಡಿ ಗುರುತುಹಾಕಿಕೊಂಡಿದ್ದರು.