ಅಮೆರಿಕದ ಕಾಲೇಜುಗಳಲ್ಲಿ ಎಸೆತದ ಕೋಚ್ ಆಗಬೇಕಾದರೆ ಹ್ಯಾಮರ್ (ತಂತಿಯ ತುದಿಗೆ ಕಟ್ಟಿದ ಲೋಹದ ಚೆಂಡು) ಎಸೆತ ಕಲಿಸಲು ಬರಲೇಬೇಕೇ?

ಬಹುತೇಕ ಹೌದು. ಅಲ್ಲಿ ಸಾಮಾನ್ಯವಾಗಿ ಗುಂಡು, ಡಿಸ್ಕಸ್, ಹ್ಯಾಮರ್, ಜಾವೆಲಿನ್ ನಾಲ್ಕಕ್ಕೂ ಒಬ್ಬರೇ ಕೋಚ್. ಹೆಚ್ಚಿನ ರಾಜ್ಯಗಳ ಹೈಸ್ಕೂಲ್ ಕೂಟಗಳಲ್ಲಿ ಹ್ಯಾಮರ್ ಇರುವುದಿಲ್ಲ. ಹಾಗಾಗಿ ಬರುವ ಹೆಚ್ಚಿನವರಿಗೆ ಅ ಆ ಇ ಈಯಿಂದ ಶುರುಮಾಡಬೇಕು. ಮೇಲಾಗಿ ಹುಡುಗರಿಗೆ ಗುಂಡಿನ ತೂಕ 5.44ರಿಂದ 7.26 ಕೆ.ಜಿ.ಗೆ, ಡಿಸ್ಕಸ್ 1.6ರಿಂದ 2 ಕೆ.ಜಿ.ಗೆ ಏರುತ್ತದೆ. ಮೊದಲ ವರ್ಷ ದೂರ ಕುಸಿದರೆ ಗಾಬರಿ ಬೇಡ. ಹ್ಯಾಮರ್‌ನಲ್ಲಿ ಹೊಸಬರೂ ಬೇಗ ಮೇಲೇರಬಹುದು, ಕೋಚ್‌ನ ಕೆಲಸವೂ ಅಲ್ಲೇ ಎದ್ದು ಕಾಣುತ್ತದೆ.

ಹೊಸಬರು ಮಾಡುವ ದೊಡ್ಡ ತಪ್ಪು, ತೋಳು ಮಡಚಿ ಎಳೆಯುವುದು. ಒಂದೇ ವೇಗದಲ್ಲಿ ಸುತ್ತಿದರೂ ತಂತಿಯ ತುದಿಯ ಚೆಂಡು ದೇಹದಿಂದ ದೂರ ಇದ್ದಷ್ಟೂ ಅದರ ವೇಗ ಹೆಚ್ಚು. ಎಳೆದರೆ ವೃತ್ತ ಕಿರಿದಾಗಿ ವೇಗ ಸೋರಿಹೋಗುತ್ತದೆ. ಆದ್ದರಿಂದ ಹಗುರ ಹ್ಯಾಮರ್ ಕೊಟ್ಟು, ಮೊದಲು ನಿಂತಲ್ಲೇ ತಲೆಯ ಸುತ್ತ ಬೀಸಿಸಿ, ಆಮೇಲೆ ಒಂದೇ ಸುತ್ತು: ಬಲಗೈಯವರಾದರೆ ಎಡಗಾಲಿನ ಹಿಮ್ಮಡಿಯ ಮೇಲೆ ತಿರುಗಿ, ಅದೇ ಪಾದದ ಮುಂಭಾಗಕ್ಕೆ ಬರಬೇಕು. ತೋಳು ಹಗ್ಗದಂತೆ ನೇರ, ಸಡಿಲ.

ಚಳಿಗಾಲದ ಒಳಾಂಗಣ ಕೂಟಗಳಲ್ಲಿ ಹ್ಯಾಮರ್ ಬದಲು ಗಿಡ್ಡ ಹಿಡಿಯ ಭಾರ ಎಸೆಯುತ್ತಾರೆ, ಪುರುಷರಿಗೆ 15.88 ಕೆ.ಜಿ., ಮಹಿಳೆಯರಿಗೆ 9.07. ಅದರಲ್ಲೇ ಮುಳುಗಿದವರಿಗೆ ಎಳೆಯುವ ಚಾಳಿ ಮತ್ತೆ ಅಂಟಿಕೊಳ್ಳುತ್ತದೆ.