ಮಹಾರಾಷ್ಟ್ರದ ನೀರು ನಿಯಂತ್ರಣ ಪ್ರಾಧಿಕಾರದಲ್ಲಿ ಪ್ರತಿ ಪ್ರದೇಶಕ್ಕೂ ಒಂದು ಸೀಟು ಇದೆಯಾ?

ಇಲ್ಲ. 2005ರ ಕಾಯ್ದೆ ಪ್ರಕಾರ ಅಧ್ಯಕ್ಷರು, ಸದಸ್ಯರನ್ನು ಆರಿಸೋದು ಆಡಳಿತ, ಎಂಜಿನಿಯರಿಂಗ್, ಅರ್ಥಶಾಸ್ತ್ರದಂಥ ಪರಿಣತಿ ನೋಡಿ, ಊರು ನೋಡಿ ಅಲ್ಲ. ವಿದರ್ಭ, ಕೊಂಕಣ, ತಾಪಿ, ಕೃಷ್ಣಾ, ಗೋದಾವರಿ-ಮರಾಠವಾಡ ಈ ಐದು ನದಿ ಕಣಿವೆ ನಿಗಮಗಳ ವ್ಯಾಪ್ತಿಯಿಂದ ಒಬ್ಬೊಬ್ಬ ವಿಶೇಷ ಆಹ್ವಾನಿತರು ಇರಬೇಕು ಅಂತಿದೆ, ಆದರೆ ಅವರು ಪ್ರಾಧಿಕಾರದ ಸದಸ್ಯರಲ್ಲ, ನೆರವಾಗೋದಷ್ಟೇ ಅವರ ಕೆಲಸ.

ಇದು ಸಾಲದು ಅಂತ ನನಗೆ ಬಲವಾಗಿ ಅನಿಸುತ್ತದೆ. ಗೋದಾವರಿ ನದಿಗೆ ಮರಾಠವಾಡದಲ್ಲಿ ಕಟ್ಟಿರುವ ಜಾಯಕವಾಡಿ ಅಣೆಕಟ್ಟಿನ ಜಗಳ ನೋಡಿ: ಮೇಲೆ ನಾಸಿಕ್, ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಅಣೆಕಟ್ಟುಗಳು, ಕೆಳಗೆ ಒಣಗುವ ಮರಾಠವಾಡ. ಅಕ್ಟೋಬರ್ ಮಧ್ಯಕ್ಕೆ ಜಾಯಕವಾಡಿ 65% ತುಂಬಿಲ್ಲದಿದ್ದರೆ ಮೇಲಿನವರು ನೀರು ಬಿಡಬೇಕು ಅಂತ 2014ರಲ್ಲಿ ಪ್ರಾಧಿಕಾರವೇ ಆದೇಶಿಸಿತು. ಇಂಥ ತೀರ್ಮಾನದಲ್ಲಿ ಎರಡೂ ಕಡೆಯವರಿಗೆ ಮತ ಇರಬೇಕಲ್ವಾ?