21ನೇ ದಿನದ ರಿಪೋರ್ಟು

ಪ್ರಶ್ನೆ: ನನಗೆ 32 ವರ್ಷ. ಎಂಟು ತಿಂಗಳಿಂದ ಮಗುವಿಗಾಗಿ ಚಿಕಿತ್ಸೆ ನಡೆದಿದೆ. ಮುಟ್ಟು ಬರುವುದು 36 ದಿನಕ್ಕೊಮ್ಮೆ. ಈಗ ಎರಡು ತಿಂಗಳು ಅಂಡಾಣು ಬೆಳೆಸುವ ಲೆಟ್ರೋಜೋಲ್ ಮಾತ್ರೆ ತೆಗೆದುಕೊಂಡಾಗಲೂ ಅಷ್ಟೇ ದಿನಕ್ಕೆ ಬಂತು. ಎರಡು ಸಲವೂ ಮುಟ್ಟು ಶುರುವಾದ 21ನೇ ದಿನ ರಕ್ತ ಕೊಟ್ಟೆ. ಪ್ರೊಜೆಸ್ಟರಾನ್ 1.2, ಆಮೇಲೆ 0.9. ಯಜಮಾನರಿಗೆ ‘ಎಲ್ಲ ನಾರ್ಮಲ್’ ಅಂತ ಸುಳ್ಳು ಹೇಳಿದ್ದೇನೆ. ಅಕ್ಕ ತನ್ನ ಐವಿಎಫ್ ಸಮಯದಲ್ಲಿ ಉಳಿದ ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟು, 14ನೇ ದಿನದಿಂದ ತಗೋ ಅಂದಿದ್ದಾಳೆ. ತಗೊಳ್ಳಲಾ? ನನ್ನ ದೇಹವೇ ಸರಿಯಿಲ್ಲ ಅನಿಸುತ್ತದೆ.

ಉತ್ತರ: ತಗೋಬೇಡಿ. ಅಕ್ಕನ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಅವರ ಲೆಕ್ಕದ ಬಗ್ಗೆ ಇದೆ.

ನಿಮ್ಮ 21ನೇ ದಿನದ ಲೆಕ್ಕದ ಬಗ್ಗೆಯೂ ಇದೆ. ಪ್ರೊಜೆಸ್ಟರಾನ್ ಏರುವುದು ಅಂಡಾಣು ಹೊರಬಂದ ಮೇಲೆ. ಅಂಡಾಣು ಬೆಳೆದ ಗುಳ್ಳೆ ಒಡೆಯುತ್ತದಲ್ಲ, ಆ ಖಾಲಿ ಗುಳ್ಳೆಯೇ ಮುಂದೆ ಈ ಹಾರ್ಮೋನು ತಯಾರಿಸುತ್ತದೆ. ಸುಮಾರು ಏಳು ದಿನಕ್ಕೆ ಅದು ತುದಿ ಮುಟ್ಟುತ್ತದೆ. 28 ದಿನಕ್ಕೆ ಮುಟ್ಟಾಗುವವರಲ್ಲಿ ಅಂಡಾಣು 14ರ ಆಸುಪಾಸಿನಲ್ಲಿ ಬರುತ್ತದೆ, ಅದಕ್ಕೆ ಏಳು ಸೇರಿಸಿದರೆ 21. ಈ ಪರೀಕ್ಷೆಗೆ ಆ ಹೆಸರು ಬಂದಿದ್ದೇ ಹಾಗೆ.

ನಿಮ್ಮದು 36. ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಣು ಬಂದರೆ ಅದು 22ನೇ ದಿನ. ಅಂದರೆ ನೀವು ರಕ್ತ ಕೊಟ್ಟ ಹೊತ್ತಿಗೆ ಅದಿನ್ನೂ ಹೊರಟೇ ಇರಲಿಲ್ಲವೇನೋ! ಆಗ 1.2 ಬರದೆ ಇನ್ನೇನು ಬರಬೇಕು? ನಿಮಗೆ ರಕ್ತ ಕೊಡುವ ದಿನ 29ರ ಹತ್ತಿರ. ಆವತ್ತು 3 ದಾಟಿದರೆ ಅಂಡಾಣು ಬಿಡುಗಡೆಯಾಗಿದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆ ಅಂಕಿಯನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಈ ಹಾರ್ಮೋನು ಅಲೆಯಲೆಯಾಗಿ ಬರುತ್ತದೆ, ಬೆಳಿಗ್ಗೆ ಇದ್ದದ್ದು ಸಂಜೆಗಿರುವುದಿಲ್ಲ.

ಸುಳ್ಳು ಸಮಾಧಾನ ಹೇಳಲಾರೆ. ಸರಿಯಾದ ದಿನ ನೋಡಿದಾಗಲೂ ಕಡಿಮೆಯೇ ಬರಬಹುದು. ಹಾಗಾದರೆ ಲೆಟ್ರೋಜೋಲ್ ಪ್ರಮಾಣ ಹೆಚ್ಚಿಸುತ್ತಾರೆ, ಥೈರಾಯ್ಡ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ನೋಡುತ್ತಾರೆ. ಪಿಸಿಓಡಿ, ಅಂದರೆ ಗುಳ್ಳೆಗಳು ಪೂರ್ತಿ ಬೆಳೆಯದೆ ಅಂಡಾಶಯದಲ್ಲೇ ನಿಲ್ಲುವ ತೊಂದರೆ, ಇದೆಯಾ ಅಂತಲೂ ನೋಡುತ್ತಾರೆ. ದಾರಿಗಳಿವೆ. ಡಾಕ್ಟರ ಹತ್ತಿರ ಒಂದೇ ಪ್ರಶ್ನೆ ಕೇಳಿ: ‘ನನ್ನದು 36 ದಿನದ ಚಕ್ರ, ಟೆಸ್ಟ್ ಯಾವತ್ತು ಮಾಡಿಸಲಿ? ಮೊದಲು ಸ್ಕ್ಯಾನ್‌ನಲ್ಲಿ ಗುಳ್ಳೆ ಬೆಳೆಯುವುದನ್ನು ನೋಡಬಹುದಾ?’ ಸರಿ, ಎರಡಾಯಿತು. ಎರಡನ್ನೂ ಕೇಳಿ.

ಇನ್ನು ಅಕ್ಕನ ಮಾತ್ರೆ. ಐವಿಎಫ್‌ನಲ್ಲಿ ಅಂಡಾಣುವನ್ನು ಹೊರಗೆ ತೆಗೆದಿರುತ್ತಾರೆ, ದೇಹ ತಾನಾಗಿ ಸಾಕಷ್ಟು ಪ್ರೊಜೆಸ್ಟರಾನ್ ತಯಾರಿಸುವ ಭರವಸೆ ಇರುವುದಿಲ್ಲ. ಅದಕ್ಕೆ ಹೊರಗಿನಿಂದ ಕೊಡುತ್ತಾರೆ. ನೀವು 14ನೇ ದಿನವೇ ಶುರು ಮಾಡಿದರೆ ಅಂಡಾಣು ಬರುವ ಮುಂಚೆಯೇ ಅದಕ್ಕೆ ಅಡ್ಡಗಾಲು ಹಾಕಿದಂತೆ. ಆಮೇಲೆ ಬೇಕಾದರೂ ಡಾಕ್ಟರು ಹೇಳಿದ ದಿನದಿಂದಲೇ. ಇನ್ನೊಂದು ಕಾಟವಿದೆ: ಈ ಮಾತ್ರೆ ಮುಟ್ಟನ್ನು ಮುಂದಕ್ಕೆ ಹಾಕುತ್ತದೆ, ಎದೆ ಬಿಗಿಯುತ್ತದೆ, ನಿದ್ದೆ ಜಾಸ್ತಿ ಬರುತ್ತದೆ. ಎಲ್ಲ ಬಸಿರಿನ ಲಕ್ಷಣದ ಹಾಗೇ. ಸುಮ್ನೆ ಆಸೆ ಹುಟ್ಟಿಸಿ ಕೆಡವುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಆ ‘ಎಲ್ಲ ನಾರ್ಮಲ್’. ಯಾಕೆ ಹಾಗೆ ಹೇಳಿದಿರಿ ಅಂತ ಊಹಿಸಬಲ್ಲೆ. ರಿಪೋರ್ಟನ್ನು ನೀವು ಮಾರ್ಕ್ಸ್ ಕಾರ್ಡ್ ಥರ ಓದಿದ್ದೀರಿ, ಫೇಲಾದ ಹುಡುಗಿ ಮನೆಯಲ್ಲಿ ಬಚ್ಚಿಡುವ ಹಾಗೆ ಬಚ್ಚಿಟ್ಟಿದ್ದೀರಿ. ಅಂದಹಾಗೆ, ನಿಮ್ಮ ಪತ್ರದಲ್ಲಿ ಅವರ ವೀರ್ಯ ಪರೀಕ್ಷೆಯ ಸುದ್ದಿಯೇ ಇಲ್ಲ. ಆಗಿದೆಯಾ? ಎಂಟು ತಿಂಗಳಾದರೂ ಆಗಿಲ್ಲ ಅಂದರೆ ಅದು ಮೊದಲು ಆಗಬೇಕಾದ ಕೆಲಸ. ಮಕ್ಕಳಾಗದಿರುವುದಕ್ಕೆ ಗಂಡಿನ ಕಡೆಯ ಕಾರಣವೇನೂ ಅಪರೂಪವಲ್ಲ. ಅದೂ ಸುಲಭದ ಪರೀಕ್ಷೆ, ಸೂಜಿ ಕೂಡ ಇಲ್ಲ.

ಇವತ್ತು ರಾತ್ರಿಯೇ ಎರಡೂ ಕಾಗದ ಅವರ ಕೈಗೆ ಕೊಡಿ. ‘ಹೆದರಿ ಹೇಳಲಿಲ್ಲ, ಓದಿ’ ಅಷ್ಟು ಸಾಕು. ಅವರು ಸ್ವಲ್ಪ ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಲಿ. ಆಮೇಲೆ ಇಬ್ಬರೂ ಕೂತು ಕಳೆದ ಆರು ಮುಟ್ಟಿನ ತಾರೀಖು ಬರೆದುಕೊಳ್ಳಿ. ಮುಂದಿನ ಸಲ ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ.

ಅಕ್ಕ ‘ಮಾತ್ರೆ ತಗೊಂಡ್ಯಾ’ ಅಂತ ಕೇಳಿಯೇ ಕೇಳುತ್ತಾರೆ. ‘ಸ್ಕ್ಯಾನ್ ನೋಡಿ ಡಾಕ್ಟರೇ ಹೇಳ್ತಾರಂತೆ’ ಅನ್ನಿ. ಅಷ್ಟರಲ್ಲಿ ಆ ಮಾತು ಸುಳ್ಳಾಗಿರುವುದಿಲ್ಲ ಬಿಡಿ.